ಬಣ್ಣ ನೋಡಿ ಜೋಡಿಸಿದ ನಡಾವಳಿ

ಕಾಗದಗಳನ್ನು ಬೇಯಿಸಿದ್ದಾರೆಂಬ ಸುದ್ದಿ ನನಗೆ ಫೋನಿನಲ್ಲಿ ಬಂತು.

"ಮಳೇಲಿ ಎಲ್ಲಾ ನೆಂದೋಗಿತ್ತು ಕಣೋ. ಹಾರ್ನಳ್ಳಿಗೆ ತಗೊಂಡೋಗಿ ಬ್ಯಾರನ್ನಲ್ಲಿ ಹಾಕಿ ಬೇಯ್ಸಿ ತಂದಿದೀವಿ. ಒಂದ್ ಹಾಳೇನೂ ಕೆಟ್ಟಿಲ್ಲ," ಎಂದಳು ದೊಡ್ಡವ್ವ, ಹಪ್ಪಳದ ವಿಷಯ ಹೇಳುವವಳಂತೆ. "ಮೈಸೂರಿಂದ ಮೇಡಂ ಒಬ್ರು ನೋಡೋಕೆ ಬತ್ತಾರಂತೆ. ನೀನೂ ಬಾ. ಇಷ್ಟ್ ಓದಿದೀಯ, ಒಂದಿನನಾದ್ರೂ ಉಪಯೋಗಕ್ಕೆ ಬರ್ಲಿ."

ಬ್ಯಾರನ್ ಎಂದರೆ ನಮ್ಮ ಕಡೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಗೂಡು. ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿ, ಕೆಳಗೆ ಕೊಳವೆಗಳಲ್ಲಿ ಬೆಂಕಿಯ ಕಾವು ಹಾಯಿಸುತ್ತಾರೆ. ಅದರೊಳಗೆ ಒಂದು ಸಂಸ್ಥೆಯ ದಾಖಲೆಗಳನ್ನು ಹಾಕಬಹುದೆಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಹಾಕಬಾರದೆಂದೂ ಇರಲಿಲ್ಲ, ಏಕೆಂದರೆ ಆ ಪುಸ್ತಕ ಬರೆದವರು ಯಾರೂ ಪಿರಿಯಾಪಟ್ಟಣದ ಕಡೆಯವರಲ್ಲ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಹುಣಸೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿಕೊಂಡೇ ವಯಸ್ಸಾದವಳು. ಕೆಲಸ ಬಿಟ್ಟ ಮೇಲೆ ಸುತ್ತಲಿನ ತಾಲೂಕುಗಳ ಒಂದಷ್ಟು ಹೆಂಗಸರನ್ನು ಕಟ್ಟಿಕೊಂಡು, ಹಿಂದೆ ಹೊಗೆಸೊಪ್ಪಿನ ಮಂಡಿಯಾಗಿದ್ದ ಹೆಂಚಿನ ಕಟ್ಟಡದಲ್ಲಿ ಮಹಿಳಾ ಇತಿಹಾಸದ ಸಂಗ್ರಹಾಲಯ ತೆರೆದಳು. ಒಳಗೆ ಬೀಸುವ ಕಲ್ಲು, ಸೂಲಗಿತ್ತಿಯೊಬ್ಬಳ ಎನಾಮಲ್ ಬೋಗುಣಿ, ಹೊಗೆಸೊಪ್ಪು ಪೋಣಿಸುವ ಸೂಜಿಗಳು, ಒಂದು ಕಾಲ್ತುಳಿತದ ಹೊಲಿಗೆ ಮೆಷಿನ್ನು, ಮೊದಲ ಸಲ ಗ್ರಾಮ ಪಂಚಾಯಿತಿಗೆ ಗೆದ್ದ ಹೆಂಗಸೊಬ್ಬಳು ಅವತ್ತು ಉಟ್ಟಿದ್ದ ಸೀರೆ, ಇಂಥವು ಇವೆ. ಸಮಿತಿಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಊರಿನ ಹೆಸರೇ ಅವರ ಹೆಸರು. ಹಾರನಹಳ್ಳಿ ಎಂದರೆ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ, ಬ್ಯಾರನ್ ಇರುವ, ದಪ್ಪ ದನಿಯ ಹೆಂಗಸು. ಹ್ಯಾಂಡ್‌ಪೋಸ್ಟ್ ಎಂದರೆ ಎಚ್.ಡಿ. ಕೋಟೆ ಹತ್ತಿರದ ಆ ಕೂಡುರಸ್ತೆಯಲ್ಲಿ ಬಳೆ, ರಿಬ್ಬನ್ನಿನ ಅಂಗಡಿ ಇಟ್ಟಿರುವಾಕೆ. ನನ್ನನ್ನು ಅವರು ಕೆ.ಆರ್. ನಗರ ಎನ್ನಬೇಕಿತ್ತು. "ಅಧ್ಯಕ್ಷರ ತಂಗಿ ಮಗ" ಎನ್ನುತ್ತಾರೆ. ಗಂಡಸಿಗೆ ಇಲ್ಲಿ ಸ್ವಂತ ಊರಿಲ್ಲ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಪಿಎಚ್‌.ಡಿ.ಗೂ ಸೇರಿದ್ದೆ. ಜನರು ಬಾಯಲ್ಲಿ ಹೇಳುವ ನೆನಪುಗಳನ್ನು ನಂಬಬಹುದೇ ಎಂಬುದು ವಿಷಯ. ಊರೂರು ಅಲೆದು, ಮುದುಕ ಮುದುಕಿಯರ ಮಾತು ಧ್ವನಿಮುದ್ರಿಸಿಕೊಂಡು, ಕಡೆಗೆ ನಂಬಲಾಗದು ಎಂಬ ತೀರ್ಮಾನಕ್ಕೆ ಬಂದೆ. "ಹಾಗಾದರೆ ಇಷ್ಟು ವರ್ಷ ಕೂಡಿಸಿಕೊಂಡು ಬಂದದ್ದೇನು?" ಎಂದು ಮಾರ್ಗದರ್ಶಕರು ಕೇಳಿದರು. ಸಂಶೋಧನೆ ಅಲ್ಲಿಗೆ ನಿಂತಿತು. ಅವರು ನಿಜವಾಗಿ ಹಾಗೆ ಕೇಳಿದರೋ, ಅಥವಾ ಆ ಪ್ರಶ್ನೆಯನ್ನು ನಾನೇ ಬಸ್ಸಿನಲ್ಲಿ ಬರುತ್ತ ಹೊಂದಿಸಿಕೊಂಡೆನೋ, ಈಗ ಹೇಳಲಾರೆ. ಇತ್ತೀಚೆಗೆ ಹೀಗಾಗುತ್ತಿದೆ. ಬೇರೆಯವರ ನೆನಪನ್ನು ಅನುಮಾನಿಸುವುದನ್ನು ಕಲಿತವನಿಗೆ ನಡುವಯಸ್ಸಿನಲ್ಲಿ ತನ್ನದೇ ನೆನಪು ಕೈಗೆ ಸಿಕ್ಕಿಬೀಳುತ್ತದೆ.

ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯವರು ಸಂಗ್ರಹಾಲಯದ ಸ್ವಂತ ದಾಖಲೆಗಳನ್ನು ಕೇಳಿದ್ದರು. ಕಲ್ಲು, ಬೋಗುಣಿ, ಸೀರೆ ಹುಣಸೂರಿನಲ್ಲೇ ಇರಲಿ. ಸಭೆಗಳ ನಡಾವಳಿ, ಯಾರು ಏನು ಕೊಟ್ಟರೆಂಬ ಪತ್ರ, ಬಂದವರು ಬರೆದುಹೋದ ಅಭಿಪ್ರಾಯ, ಇವೆಲ್ಲ ಸಂಸ್ಥೆ ಹೇಗೆ ಹುಟ್ಟಿತು, ನಡೆಯಿತು ಎಂಬುದರ ಸಾಕ್ಷಿ. ಇವು ಮೈಸೂರಿನ ಒಣ ಕೋಣೆಯಲ್ಲಿ, ಕಬ್ಬಿಣದ ಕಪಾಟಿನಲ್ಲಿ ಭದ್ರವಾಗಿರಲಿ ಎಂಬುದು ಅವರ ಮಾತು. ಮಳೆಗೆ ಹೆಂಚು ಒಡೆದು ಕಪಾಟಿನೊಳಗೇ ನೀರು ಇಳಿದ ಮೇಲೆ ಹ್ಯಾಂಡ್‌ಪೋಸ್ಟ್ ಅಕ್ಕನೂ ಅದನ್ನೇ ಹೇಳತೊಡಗಿದ್ದಳು. ದೊಡ್ಡವ್ವನಿಗೆ ಮಾತ್ರ ಒಂದು ಹಾಳೆಯೂ ಊರು ಬಿಟ್ಟು ಹೋಗಕೂಡದು.

ಬಸ್ಸಿಳಿದು ಒಳಗೆ ಹೋದಾಗ ಇಬ್ಬರೂ ಅದೇ ಮಾತಿನಲ್ಲಿದ್ದರು.

"ನಾಳೆ ನೀನೂ ಇರಲ್ಲ, ನಾನೂ ಇರಲ್ಲ. ಇಲಿ ಮಾತ್ರ ಇರ್ತವೆ," ಎಂದಳು ಹ್ಯಾಂಡ್‌ಪೋಸ್ಟ್ ಅಕ್ಕ. "ಇಲಿಗೆ ಓದೋಕ್ ಬರಲ್ಲ ಕಣಕ್ಕ. ತಿನ್ನೋಕ್ ಬತ್ತದೆ."

"ಬೀಸೋ ಕಲ್ಲು ಯಾರ್ ಮನೇಲಿಲ್ಲ ಹೇಳು," ಎಂದಳು ದೊಡ್ಡವ್ವ. "ಅದ್ನ ಇಲ್ಲಿ ಇಡ್ಬೇಕಾ ಬ್ಯಾಡ್ವಾ ಅಂತ ಹೆಂಗಸ್ರು ಕೂತು ಜಗಳ ಆಡಿರೋದು ಇನ್ನೆಲ್ಲೂ ಇಲ್ಲ. ಅದಿರೋದು ಈ ಕಾಗ್ದದಲ್ಲಿ. ಇದೂ ಹೋದ್ರೆ, ನಾವು ಯಾರು ಅಂತ ಕೇಳೋಕೆ ಮೈಸೂರ್ ಬಸ್ ಹತ್ತಬೇಕಾ?"

ನನ್ನನ್ನು ನೋಡಿ ಇಬ್ಬರೂ ಒಂದೇ ಸಲ, "ನೀನೇ ಹೇಳ್ಲಾ," ಎಂದರು. ಎರಡೂ ಕಡೆ ನ್ಯಾಯವಿದೆ ಎಂದೆ. ದೊಡ್ಡವ್ವ ಕಾಫಿಗೆ ಸಕ್ಕರೆ ಹಾಕದೆ ಕೊಟ್ಟಳು.

ಕಾಗದಗಳು ಜಮಖಾನದ ಮೇಲೆ ಮೂರು ರಾಶಿಯಾಗಿದ್ದವು. ಇಡೀ ಹಜಾರ ಹೊಗೆಸೊಪ್ಪಿನ ವಾಸನೆ. ಹಾಳೆಗಳು ನಿಜಕ್ಕೂ ಗರಿಗರಿಯಾಗಿದ್ದವು, ಬೂಷ್ಟು ಹಿಡಿದಿರಲಿಲ್ಲ. ನಡುವೆ ಮಾತ್ರ ಎಲ್ಲದಕ್ಕೂ ಒಂದು ಮಡಿಕೆ ಇತ್ತು. ಎರಡು ಲೋಡು ಸೊಪ್ಪಿನ ನಡುವೆ ಬ್ಯಾರನ್ ಖಾಲಿಯಿದ್ದಾಗ, ಕಡ್ಡಿಗಳ ಮೇಲೆ ಪಂಚೆಯಂತೆ ಇಳಿಬಿಟ್ಟು, ಕೈ ಬೆಚ್ಚಗಾಗುವಷ್ಟು ಕಾವು ಕೊಟ್ಟಿದ್ದರಂತೆ. ಒಂದೊಂದು ರಾಶಿಯನ್ನೂ ಗೋಣಿ ದಾರದಲ್ಲಿ ಬಿಗಿದು ಕಟ್ಟಿದ್ದರು. ಮೇಲಿನ ಹಾಳೆಗಳನ್ನು ಮಗುಚಿ ನೋಡಿದೆ. ಉದ್ಘಾಟನೆಯ ಕೆಳಗೆ ಕಳೆದ ವರ್ಷದ ಸುಣ್ಣ ಬಳಿದ ಸಭೆ, ಅದರ ಕೆಳಗೆ ಯಾವುದೋ ಶಾಲೆಯ ಮಕ್ಕಳು ಬಂದುಹೋದದ್ದು.

"ಇದು ಯಾವ ಕ್ರಮ?" ಎಂದೆ.

"ಗ್ರೇಡ್ ಮಾಡಿವ್ನಿ ಕಣಪ್ಪ," ಎಂದಳು ಹಾರನಹಳ್ಳಿಯಾಕೆ, ಕೆಲಸ ಒಪ್ಪಿಸುವವಳ ಹೆಮ್ಮೆಯಿಂದ. "ಇದು ಒಳ್ಳೇ ಅಳದಿ. ಇದು ಮಧ್ಯದ್ದು. ಅದು ಕರ್ರಗೆ ತಿರುಗ್ಕೊಂಡದೆ, ಕಳಪೆ."

ಬ್ಯಾರನ್ನಿನಿಂದ ಹೊರಬಂದ ಯಾವುದನ್ನೇ ಆಗಲಿ ಬಣ್ಣ ನೋಡಿ ವಿಂಗಡಿಸುವುದು ಆ ಊರಿನಲ್ಲಿ ಉಸಿರಾಡಿದ ಹಾಗೆ. ಅಲ್ಲಿ ಕೂತ ಹೆಂಗಸರಲ್ಲಿ ಯಾರಿಗೂ ಕೈ ತಡೆಯಬೇಕೆನಿಸಿರಲಿಲ್ಲ.

"ದಾಖಲೆಗೆ ಗ್ರೇಡ್ ಇರಲ್ಲ ಅಕ್ಕ. ಮೊದಲು ನಡೆದದ್ದು ಮೊದಲು, ಆಮೇಲೆ ನಡೆದದ್ದು ಆಮೇಲೆ."

"ಕರೀದ್ನೂ ಅಳದೀನೂ ಒಂದ್ರಲ್ಲೇ ಹಾಕಿ ಕಟ್ಟಿದ್ರೆ ಆ ಬೇಲ್ ಮೂಟೆ ಯಾರ್ ತಗೋತಾರೆ? ನಿಮ್ಮ ಮೇಡಮ್ಮು ತಗೋತಾರಾ?"

"ಅವರು ತಗೋಬಾರದು ಅಂತಲೇ ದೊಡ್ಡವ್ವನ ಆಸೆ."

ಆಕೆ ಕ್ಷಣ ಯೋಚಿಸಿದಳು. "ಅಂಗಾದ್ರೆ ಎಲ್ಲಾ ಕಲ್ಸಿ ಬುಡ್ಲಾ?"

ಹಾಳೆಗಳು ಹೀಗೆ ಬಿಡಿಯಾದದ್ದಕ್ಕೂ ಒಂದು ಕಥೆಯಿದೆ. ದೊಡ್ಡವ್ವ ನಡಾವಳಿಯನ್ನು ಬಿಡಿ ಹಾಳೆಗಳ ಮೇಲೆ ಬರೆದು, ವರ್ಷಕ್ಕೊಮ್ಮೆ ಅದೇ ಕಾಲ್ತುಳಿತದ ಮೆಷಿನ್ನಿನಲ್ಲಿ ಅಂಚು ಹೊಲಿದುಬಿಡುತ್ತಿದ್ದಳು. ರವಿಕೆಯ ಒಳಹೊಲಿಗೆಯಷ್ಟು ಭದ್ರವಾದ ಆ ಹೊಲಿಗೆಯನ್ನು, ಒಣಗಿಸುವುದಕ್ಕೆಂದು ಬ್ಲೇಡಿನಲ್ಲಿ ಬಿಚ್ಚಿದ್ದರು. ಪುಟಸಂಖ್ಯೆ ಇರಲಿಲ್ಲ. ಹೊಲಿದ ಮೇಲೆ ಪುಟ ಎಲ್ಲಿಗೆ ಹೋಗುತ್ತದೆ? ಪುಟಸಂಖ್ಯೆ ಇಲ್ಲದಿದ್ದರೂ ತಾರೀಖು ನೋಡಿ ಜೋಡಿಸಬಹುದು ಎಂದುಕೊಂಡೆ. ಒಂದು ಹಾಳೆ ತೆಗೆದೆ. "ಈ ದಿನ ಮಧ್ಯಾಹ್ನ ಸಭೆ ಸೇರಿತು" ಎಂದಿತ್ತು. ಇನ್ನೊಂದರಲ್ಲಿ, "ಈ ದಿನ ಮಳೆಯಿದ್ದರೂ ಸಭೆ ಸೇರಿತು." ಮತ್ತೊಂದರಲ್ಲಿ ಬರೀ "ಈ ದಿನ."

"ಯಾವ ದಿನ ದೊಡ್ಡವ್ವ?"

"ಅವತ್ತಿನ ದಿನ. ಬರೆಯೋವಾಗ ಎಲ್ರಿಗೂ ಗೊತ್ತಿತ್ತಲ್ಲೋ."

ಹಾಗಾಗಿ ಉಳಿದದ್ದು ನೆನಪು. ನನ್ನ ವಿದ್ಯೆಯೆಲ್ಲ ಯಾವುದನ್ನು ನಂಬಬೇಡ ಎಂದಿತ್ತೋ ಅದನ್ನೇ ಜಮಖಾನದ ನಡುವೆ ಹರಡಿಕೊಂಡು ಕೂತೆವು. ನಾನು ಒಂದು ಹಾಳೆ ಓದುವುದು, ಅದು ಯಾವಾಗಿನದು ಎಂದು ಅವರು ಹೇಳುವುದು. ಹಾರನಹಳ್ಳಿಯಾಕೆ ಎಲ್ಲವನ್ನೂ ಹಸು ಈದದ್ದರಿಂದ ಲೆಕ್ಕ ಹಿಡಿಯುತ್ತಿದ್ದಳು. ಹ್ಯಾಂಡ್‌ಪೋಸ್ಟ್ ಅಕ್ಕ ಆ ವರ್ಷ ಯಾವ ನಮೂನೆಯ ಬಳೆ ಹೋಗುತ್ತಿತ್ತು ಎಂಬುದರಿಂದ. ಎರಡು ಪಂಚಾಂಗವೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ದೊಡ್ಡವ್ವ ಸುಮ್ಮನೆ ಕೂತು, ಎಲ್ಲದಕ್ಕೂ, "ಅದು ಬೋ ಹಿಂದಿಂದು," ಎನ್ನುತ್ತಿದ್ದಳು.

ಬೀಸುವ ಕಲ್ಲಿನ ಹಾಳೆ ಬಂದಾಗ ಮಾತ್ರ ಎಲ್ಲರ ನೆನಪೂ ಒಂದಾಯಿತು. ಊರೊಂದರ ಸೊಸೆ ತನ್ನ ಅತ್ತೆಯ ಬೀಸುವ ಕಲ್ಲನ್ನು, "ಹಿಂದಿನ ಕಾಲದ ಹೆಣ್ಣಿನ ದುಡಿಮೆಯ ಗುರುತು" ಎಂದು ಬರೆಸಿ ಸಂಗ್ರಹಾಲಯಕ್ಕೆ ಒಪ್ಪಿಸಿದ್ದಳು. ಸಭೆ ನಡೆಯುತ್ತಿದ್ದಾಗಲೇ ಆ ಅತ್ತೆ ಬಾಗಿಲಲ್ಲಿ ಬಂದು ನಿಂತು, "ಹಿಂದಿನ ಕಾಲ ಅಂದೋಳು ಯಾವಳೇ? ನಾನಿನ್ನೂ ಬದ್ಕಿವ್ನಿ," ಎಂದಿದ್ದಳು. ಕಲ್ಲನ್ನು ಮಾತ್ರ ವಾಪಸ್ಸು ಕೇಳಲಿಲ್ಲ. ಸಂತೆಗೆ ಬಂದಾಗಲೆಲ್ಲ ಒಳಗೆ ನುಗ್ಗಿ, ಪ್ರದರ್ಶನದ ಹಗ್ಗ ದಾಟಿ, ಒಂದಿಷ್ಟು ರಾಗಿ ಬೀಸಿಕೊಂಡು ಹೋಗುತ್ತಿದ್ದಳು. ನೋಡಲು ಬಂದ ಶಾಲೆಯ ಮಕ್ಕಳು ಅದೂ ಪ್ರದರ್ಶನದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರಂತೆ.

"ಇದು ಉದ್ಘಾಟನೆಗೂ ಮುಂಚೆ ನಡೆದದ್ದು," ಎಂದೆ ನಾನು, ಗಟ್ಟಿಯಾಗಿ. "ಉದ್ಘಾಟನೆಯ ದಿನ ನಾನು ಭಾಷಣ ಮಾಡಿದೆನಲ್ಲ, ಸಾಕ್ಷ್ಯ ಎಂದರೇನು ಅಂತ. ಅದರಲ್ಲಿ ಈ ಅಜ್ಜಿಯ ಉದಾಹರಣೆ ಕೊಟ್ಟಿದ್ದೆ. ಕೆಂಪು ಜಮಖಾನ ಹಾಸಿತ್ತು. ಜನ ನಕ್ಕರು."

ಹ್ಯಾಂಡ್‌ಪೋಸ್ಟ್ ಅಕ್ಕ ಮೆಲ್ಲಗೆ, "ನೀನೆಲ್ಲಿ ಭಾಷಣ ಮಾಡ್ದೆ?" ಎಂದಳು.

"ನೀನು ಪಾಯಸ ಉಂಡು ನೀರಿನ ಟ್ಯಾಂಕಿನ ನೆಳ್ಳಲ್ಲಿ ಮನಿಕೊಂಡಿದ್ದೆ ಕಣ್ಲಾ," ಎಂದಳು ಹಾರನಹಳ್ಳಿಯಾಕೆ. "ನಾನೇ ಒಂದ್ ಚಾಪೆ ತಂದ್ ಕೊಟ್ಟೆ."

ನನಗೆ ಆ ಭಾಷಣದ ವಾಕ್ಯಗಳೂ ನೆನಪಿವೆ. ಮೈಕು ಕಿರ್ರೆಂದದ್ದು ನೆನಪಿದೆ. ಚಾಪೆಯ ನೆನಪೇ ಇಲ್ಲ. ಆದರೆ ಆಕೆ ಚಾಪೆ ಎಂದೊಡನೆ ಬೆನ್ನಿಗೆ ಅದರ ಗೆರೆಗಳು ಒತ್ತಿದಂತಾಯಿತು. ನೆನಪೆಂಬುದು ಎಷ್ಟು ಬೇಗ ಪಕ್ಷಾಂತರ ಮಾಡುತ್ತದೆ ಎಂದು ಬೇರೆಯವರ ಬಗ್ಗೆ ಬರೆದಿದ್ದೆ. ನನ್ನ ಉದಾಹರಣೆಗೂ ಜಾಗ ಬಿಟ್ಟಿದ್ದರೆ ಚೆನ್ನಾಗಿತ್ತು.

ಮುಖ ತಪ್ಪಿಸಲು ಕೈಗೆ ಸಿಕ್ಕ ಮುಂದಿನ ಹಾಳೆ ಓದತೊಡಗಿದೆ. "ಹಿಂದಿನ ಸಭೆಯ ನಡಾವಳಿಯನ್ನು ಓದಲಾಯಿತು. ಸೂಲಗಿತ್ತಿಯ ಬೋಗುಣಿಗೆ ತೂತಿದೆ ಎಂದು ಹ್ಯಾಂಡ್‌ಪೋಸ್ಟ್ ನಕ್ಕರೆಂದು ಬರೆದಿರುವುದು ಸರಿಯಲ್ಲ, ಕೆಮ್ಮಿದ್ದು ಎಂದು ಅವರು ಆಕ್ಷೇಪಿಸಿದರು."

"ಕೆಮ್ಮಿದ್ದೇ," ಎಂದಳು ಹ್ಯಾಂಡ್‌ಪೋಸ್ಟ್ ಅಕ್ಕ ತಕ್ಷಣ.

ಇದು ಆ ಸಂಗ್ರಹಾಲಯದ ಕಟ್ಟಳೆ. ಪ್ರತಿ ಸಭೆಯೂ ಹಿಂದಿನ ಸಭೆಯ ನಡಾವಳಿಯನ್ನು ಗಟ್ಟಿಯಾಗಿ ಓದುವುದರಿಂದ ಶುರುವಾಗುತ್ತದೆ. ಅದರಲ್ಲಿ ಹೆಸರು ಬಂದವರು ಯಾರಾದರೂ, "ನಾನು ಹಂಗನ್ನಲಿಲ್ಲ," ಎಂದರೆ ಆ ಮಾತನ್ನೂ ಬರೆಯಬೇಕು. ಆಗ ಹಿಂದಿನ ಸಭೆ ಇನ್ನೂ ಸ್ಥಿರವಾಗಲಿಲ್ಲವೆಂದು ಅರ್ಥ. ಅದು ಮುಂದಿನ ಸಭೆಗೆ ಹೋಗುತ್ತದೆ. ಒಬ್ಬರಿಗೂ ತಕರಾರಿಲ್ಲ ಎಂದಾದ ಮೇಲೆಯೇ ಎಲ್ಲರ ರುಜು. ನಡಾವಳಿ ಬರೆದವರಿಗೆ ಮಾತ್ರ ಆಕ್ಷೇಪಿಸುವ ಹಕ್ಕಿಲ್ಲ, ತಾವೇ ಬರೆದದ್ದಲ್ಲವೇ. ಈ ಕಟ್ಟಳೆ ಮಾಡಿದವಳು ದೊಡ್ಡವ್ವ. ಹೆಂಗಸರು ಹೇಳಿದ್ದನ್ನು ಯಾವಾಗಲೂ ಇನ್ಯಾರೋ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದದ್ದನ್ನು ಅವಳು ಸಾಕಷ್ಟು ನೋಡಿದ್ದಳು. ಹಾಗಾದರೆ ಕೆಲಸ ನಡೆಯುತ್ತಿದ್ದುದು ಹೇಗೆ ಎಂದರೆ, ಸುಣ್ಣ ಬಳಿಯುವುದು, ಬೀಗ ಬದಲಿಸುವುದು ಇವನ್ನೆಲ್ಲ ಮೊದಲು ಮಾಡಿ ಮುಗಿಸಿ, ಆಮೇಲೆ ನಿಧಾನವಾಗಿ ತೀರ್ಮಾನಿಸುತ್ತಿದ್ದರು.

ಆ ಕೆಮ್ಮಿನ ಹಾಳೆ ಹಿಡಿದು ಕೂತಿದ್ದಾಗಲೇ ನನಗೆ ಹೊಳೆಯಿತು. ಬೋಗುಣಿಯ ತೂತಿನ ಹಾಳೆ ಎಲ್ಲಿದೆಯೋ ಅದು ಇದರ ಹಿಂದಿನದು. ಅದರ ಮೊದಲಲ್ಲಿ ಯಾವ ತಕರಾರಿದೆಯೋ ಅದು ಅದಕ್ಕೂ ಹಿಂದಿನದು. ತಾರೀಖು ಬೇಡ, ಪುಟಸಂಖ್ಯೆ ಬೇಡ, ಯಾರ ನೆನಪೂ ಬೇಡ. ಜಗಳದ ಬಾಲ ಹಿಡಿದು ಹೋದರೆ ಸಾಕು.

"ಬೋಗುಣಿ ತೂತು ಯಾವ ರಾಶಿಯಲ್ಲಿದೆ?" ಎಂದು ಕೂಗಿದೆ.

"ಕಳಪೇಲಿ!" ಎಂದಳು ಹಾರನಹಳ್ಳಿಯಾಕೆ.

ಆಮೇಲಿನ ಕೆಲಸ ಗಲಾಟೆಯದು. ಒಬ್ಬಳು ತಕರಾರು ಓದುವುದು, ಉಳಿದವರು ರಾಶಿಗಳಲ್ಲಿ ಅದರ ಮೂಲ ಹುಡುಕುವುದು. ಸಿಕ್ಕಿದಾಗ ಎರಡು ಹಾಳೆಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಕೂಡಿಸುವುದು. ತೊಂದರೆ ಒಂದೇ. ಹಳೆಯ ಜಗಳ ಓದಿದಾಗಲೆಲ್ಲ ಅದು ಅಲ್ಲೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಪಂಚಾಯಿತಿ ಸೀರೆಗೆ ಇಸ್ತ್ರಿ ಹಾಕಿಸಬೇಕೇ, ಸುಕ್ಕು ಸಮೇತ ಇಡಬೇಕೇ ಎಂಬ ಪ್ರಶ್ನೆ ಇತ್ಯರ್ಥವಾಗಿ ಎಷ್ಟೋ ಕಾಲವಾಗಿತ್ತು. ಅವತ್ತು ಮತ್ತೆ ಒಂದು ಗಂಟೆ ಹಿಡಿಯಿತು. ಬೀಸುವ ಕಲ್ಲಿನ ಹಾಳೆ ಉದ್ಘಾಟನೆಯಾದ ಮೇಲಿನ ಎಷ್ಟೋ ಸಭೆಗಳ ಆಚೆಗೆ ಹೋಗಿ ಕೂತಿತು. ಅಂದರೆ ನಾನು ಇನ್ನೂ ನಡೆಯದಿದ್ದ ಘಟನೆಯ ಉದಾಹರಣೆ ಕೊಟ್ಟು, ಮಾಡದ ಭಾಷಣದಲ್ಲಿ ಜನರನ್ನು ನಗಿಸಿದ್ದೆ.

ಮೇಡಂ ಬಂದ ಹೊತ್ತಿಗೆ ನಡಾವಳಿ ಹೆಚ್ಚುಕಡಿಮೆ ಸಾಲಿಗೆ ಬಂದಿತ್ತು. ಹದವಾದ ಮಾತಿನ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈಗೆ ಬಿಳಿಯ ಗವುಸು ಹಾಕಿಕೊಂಡು ಹಾಳೆ ಎತ್ತಿದಳು, ಸೀನಿದಳು, ಮತ್ತೆ ಎತ್ತಿದಳು.

"ಇದಕ್ಕೆ ಶಾಖ ಕೊಟ್ಟಿದೀರಾ?"

"ಬೇಯ್ಸಿದೀವಿ ಮೇಡಂ," ಎಂದಳು ಹಾರನಹಳ್ಳಿಯಾಕೆ. "ಹದ ನೋಡ್ಕೊಂಡೇ ಬೇಯ್ಸಿದೀವಿ."

ಮೇಡಂ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಶಾಖ ಕೊಟ್ಟ ಕಾಗದ ಬೇಗ ಮುರಿಯುತ್ತದೆ, ಮಡಿಕೆಯಲ್ಲೇ ಸೀಳುತ್ತದೆ. ಮೆಷಿನ್ನಿನ ಹೊಲಿಗೆಯೂ ಒಳ್ಳೆಯದಲ್ಲ. ಇನ್ನೊಂದು ಮಳೆಗಾಲ ಈ ಹೆಂಚಿನಡಿ ಇದ್ದರೆ ಉಳಿಯುವುದು ಕಷ್ಟ. ಒಯ್ದರೆ ಚೆನ್ನಾಗಿ ನೋಡಿಕೊಳ್ಳುತ್ತೇವೆ, ಯಾವಾಗ ಬೇಕಾದರೂ ಬಂದು ನೋಡಬಹುದು. ಒತ್ತಾಯವಿಲ್ಲ. ಒಪ್ಪಿದರೆ ಸಮಿತಿಯ ತೀರ್ಮಾನದ ರುಜುವಾದ ನಡಾವಳಿ ಕಳಿಸಿ, ಗಾಡಿ ಕಳಿಸುತ್ತೇವೆ. ಅವಳ ಮಾತಿನಲ್ಲಿ ತಪ್ಪು ಹುಡುಕಲು ನಾನು ಪ್ರಯತ್ನಪಟ್ಟೆ, ಸಿಗಲಿಲ್ಲ.

ಅವಳು ಹೋದ ಮೇಲೆ ಅಲ್ಲೇ ಸಭೆ ನಡೆಯಿತು. ಹ್ಯಾಂಡ್‌ಪೋಸ್ಟ್ ಅಕ್ಕ ಎದ್ದು, ಕಾಗದ ಮೈಸೂರಿಗೆ ಹೋಗಲಿ ಎಂದಳು. "ನಂಗೂ ಒಟ್ಟೆ ಉರೀತದೆ. ಮಗ್ಳುನ್ನ ಕೊಟ್ ಮನೆ ಅಂದ್ಕೊಳಾಣ. ಇಲ್ಲಿಟ್ಕೊಂಡು ಕೊಳೆಸೋದಾ?" ಹೆಚ್ಚಿನ ಕೈಗಳು ಮೇಲೆದ್ದವು. ಹಾರನಹಳ್ಳಿಯಾಕೆಯ ಕೈ ಅರ್ಧ ಏರಿ, ದೊಡ್ಡವ್ವನ ಮುಖ ನೋಡಿ, ತಲೆ ಕೆರೆದುಕೊಂಡು, ಕಡೆಗೆ ಪೂರ್ತಿ ಏರಿತು. ದೊಡ್ಡವ್ವ ನನ್ನ ಅಭಿಪ್ರಾಯ ಕೇಳಿದಳು. ನಾನು ಏನೋ ಹೇಳಿದೆ.

ತಾನು ಸೋತ ಸಭೆಯ ನಡಾವಳಿಯನ್ನು ಬರೆದವಳು ಅವಳೇ. ಹೊಲಿಗೆಯ ನೇರದಲ್ಲೇ ಸಾಗುವ ಅವಳ ಅಕ್ಷರ ಒಂದು ಕಡೆಯೂ ಅಲುಗಲಿಲ್ಲ. ಬರೆದು ಮುಗಿಸಿ, ಕ್ಲಿಪ್ಪುಗಳನ್ನು ಎಣಿಸಿ ಡಬ್ಬಿಗೆ ಹಾಕಿ, "ಊಟಕ್ಕೆ ಏಳಿ," ಎಂದಳು. ಅವತ್ತು ನಾನು ಕೆ.ಆರ್. ನಗರಕ್ಕೆ ಹೊರಟಾಗ ಬಸ್ ನಿಲ್ದಾಣದವರೆಗೆ ಬರಲಿಲ್ಲ. ಅವಳು ಬಾರದೆ ಇದ್ದದ್ದು ಅದೇ ಮೊದಲು. ಇದರಲ್ಲಿ ಮಾತ್ರ ನನ್ನ ನೆನಪು ಸರಿಯಿದೆ.

ಮುಂದಿನ ತಿಂಗಳು ಕರೆಯದಿದ್ದರೂ ಹೋದೆ. ಹಜಾರದ ಮೂಲೆಯಲ್ಲಿ ಕಾಗದಗಳನ್ನೆಲ್ಲ ಹಳೆಯ ಹತ್ತಿ ಸೀರೆಗಳಲ್ಲಿ ಸುತ್ತಿ, ಗಾಡಿಗೆ ಏರಿಸಲು ಸಿದ್ಧವಾಗಿಟ್ಟಿದ್ದರು. ಸುತ್ತಿದವಳು ದೊಡ್ಡವ್ವನೇ. ಗಂಟಿನ ಬಿಗಿ ನೋಡಿದರೆ ಗೊತ್ತಾಗುತ್ತಿತ್ತು.

ಸಭೆ ಶುರುವಾಯಿತು. ದೊಡ್ಡವ್ವ ಕನ್ನಡಕ ಹಾಕಿಕೊಂಡು ಹಿಂದಿನ ನಡಾವಳಿ ಓದಿದಳು. ಮೇಡಂ ಬಂದದ್ದು, ಸೀನಿದ್ದು, ಹೇಳಿದ್ದು. ಹ್ಯಾಂಡ್‌ಪೋಸ್ಟ್ ಸೂಚಿಸಿದ್ದು, ಕೈ ಎತ್ತಿದ್ದು. ದನಿ ಸಪ್ಪಗಿತ್ತು. "ಅಧ್ಯಕ್ಷರ ತಂಗಿ ಮಗ ಕಿಟಕಿಯ ಪಕ್ಕ ಕುಳಿತು, ತನಗೆ ಅಭಿಪ್ರಾಯವಿಲ್ಲವೆಂದು ತಿಳಿಸಿದರು. ತೀರ್ಮಾನ ಅಂಗೀಕಾರವಾಯಿತು." ಹಾಳೆ ಕೆಳಗಿಟ್ಟು ಕೇಳಿದಳು. "ಯಾರ್ದಾದ್ರೂ ತಕರಾರ್ ಅದಾ?"

ಹಾರನಹಳ್ಳಿಯಾಕೆ ಸೆರಗಿನ ತುದಿ ನೋಡುತ್ತಿದ್ದಳು. ದೊಡ್ಡವ್ವ ಪೆನ್ನಿನ ಮುಚ್ಚಳ ತೆಗೆದಳು. ಅವಳು ಆಕ್ಷೇಪಿಸುವಂತಿಲ್ಲ. ಯಾರ ಮುಖವನ್ನೂ ನೋಡುತ್ತಲೂ ಇರಲಿಲ್ಲ.

ನಾನು ಆ ದಿನವನ್ನು ನೆನಪಿಸಿಕೊಳ್ಳಲು ಯತ್ನಿಸುತ್ತಿದ್ದೆ. ಕಿಟಕಿಯ ಪಕ್ಕ ಎಂದಾಗ ಏನೋ ತಡವರಿಸಿತು. ನನಗೆ ಕಾಣುತ್ತಿದ್ದುದು ಬಾಗಿಲ ಚೌಕಟ್ಟು, ಅದಕ್ಕೆ ಒರಗಿದ ನನ್ನ ಹೆಗಲು. ಅಭಿಪ್ರಾಯವಿಲ್ಲ ಎಂದೆನೇ? ಎರಡೂ ಸರಿ ಎಂದಿರಬೇಕು. ಅಥವಾ ಅದು ಮೊದಲ ದಿನ ಕಾಫಿ ಕುಡಿಯುವಾಗ ಹೇಳಿದ್ದೋ? ನನ್ನ ಹೆಸರು ನಡಾವಳಿಯಲ್ಲಿದೆ. ಹೆಸರಿದ್ದವರು ಯಾರು ಬೇಕಾದರೂ ಏಳಬಹುದು. ಎದ್ದೆ.

"ನಾನು ಕಿಟಕಿ ಪಕ್ಕ ಇರಲಿಲ್ಲ ಅನ್ನಿಸುತ್ತೆ," ಎಂದೆ. "ಬಾಗಿಲ ಹತ್ತಿರ ನಿಂತಿದ್ದೆ. ಬಹುಶಃ."

ದೊಡ್ಡವ್ವ ಕನ್ನಡಕದ ಮೇಲಿಂದ ನೋಡಿದಳು. "ಬಹುಶಃ ಅಂದ್ರೆ ಏನು? ತಕರಾರಾ, ಅಲ್ವಾ?"

"ಖಚಿತವಾಗಿ ಹೇಳಲಾರೆ ದೊಡ್ಡವ್ವ."

"ಖಚಿತವಾಗಿ ಇಲ್ಲ ಅಂತಾದ್ರೂ ಹೇಳ್ತೀಯಾ?"

"ಅದನ್ನೂ ಹೇಳಲಾರೆ."

"ಕಿಟಕಿ ಹತ್ರ ಕೂತಿದ್ದೋಳು ನಾನು!" ಎಂದು ಹ್ಯಾಂಡ್‌ಪೋಸ್ಟ್ ಅಕ್ಕ ಥಟ್ಟನೆ ನುಡಿದಳು. "ಇವ್ನೆಲ್ಲಿ ಬಂದ ಅಲ್ಗೆ? ಗಾಳಿ ಬರ್ಲಿ ಅಂತ ನಾನೇ ಕಿಟ್ಕಿ ಬಾಗ್ಲು ತೆಗ್ದು ಕೂತಿದ್ದೆ."

"ಬಾಗಿಲಲ್ಲೂ ಇರ್ನಿಲ್ಲ ಕಣವ್ವ," ಎಂದಳು ಹಾರನಹಳ್ಳಿಯಾಕೆ, ಮುಖ ಅರಳಿಸಿಕೊಂಡು. "ಬೀಸೋ ಕಲ್ಲಿನ ಮ್ಯಾಲೆ ಕೂತಿದ್ದ. ನಾನು ಏಳು ಅಂತ ಬೈದೆ."

"ಬೀಸೋ ಕಲ್ಲಿನ ಮೇಲೆ ನಾನು ಯಾವತ್ತೂ ಕೂತಿಲ್ಲ!"

"ಟ್ಯಾಂಕಿನ ನೆಳ್ಳಲ್ಲೂ ಮನಗಿಲ್ಲ ಅಂದಿದ್ದೆ ನೀನು."

ಹಿಂದೆ ಕೂತಿದ್ದವರೂ ಸೇರಿಕೊಂಡರು. ಅಭಿಪ್ರಾಯವಿಲ್ಲ ಎಂದನೋ, ಅಭಿಪ್ರಾಯ ಹೇಳಲ್ಲ ಎಂದನೋ, ಇಲ್ಲ ಬರೀ ಕೆಮ್ಮಿದನೋ ಎಂಬುದು ದೊಡ್ಡ ಚರ್ಚೆಯಾಯಿತು. ಕೆಮ್ಮು ನನ್ನದು, ಬೇರೆಯವರಿಗೆ ಹಚ್ಚಬೇಡಿ ಎಂದಳು ಹ್ಯಾಂಡ್‌ಪೋಸ್ಟ್ ಅಕ್ಕ. ದೊಡ್ಡವ್ವ ಹೊಸ ಹಾಳೆ ತೆಗೆದುಕೊಂಡು ತಲೆ ತಗ್ಗಿಸಿ ಬರೆಯತೊಡಗಿದಳು. ಬರೆಯುವಾಗ ತುಟಿಯ ಒಂದು ಅಂಚು ಮಾತ್ರ ಅಲುಗುತ್ತಿತ್ತು. ನಾನು ಎಲ್ಲಿದ್ದೆ ಎಂಬುದು ತೀರ್ಮಾನವಾಗುವ ಮೊದಲೇ ದೂರದೂರುಗಳ ಬಸ್ಸಿನ ಹೊತ್ತಾಯಿತು. ನಡಾವಳಿ ಸ್ಥಿರವಾಗಲಿಲ್ಲ, ಮುಂದಿನ ಸಭೆಗೆ ಹೋಯಿತು. ರುಜುವಾದ ಪ್ರತಿ ಇಲ್ಲದೆ ಮೈಸೂರಿನ ಗಾಡಿ ಬರುವುದಿಲ್ಲ.

ಬಸ್ ನಿಲ್ದಾಣದಲ್ಲಿ ಹ್ಯಾಂಡ್‌ಪೋಸ್ಟ್ ಅಕ್ಕ ಕೋಟೆ ಬಸ್ಸಿಗೆ, ನಾನು ಕೆ.ಆರ್. ನಗರದ ಬಸ್ಸಿಗೆ ಕಾಯುತ್ತ ಒಂದೇ ಕಟ್ಟೆಯ ಮೇಲೆ ಕೂತೆವು. ಅವಳು ಕಡಲೆಕಾಯಿ ಪೊಟ್ಟಣ ಬಿಚ್ಚಿ ನನ್ನತ್ತ ಸರಿಸಿದಳು.

"ಓದ್ದೋನು ನೀನು. ನಿಜ ಹೇಳು. ಎಲ್ಲಿದ್ದೆ ಅವತ್ತು?"

"ದೇವರಾಣೆ ಗೊತ್ತಿಲ್ಲ ಅಕ್ಕ."

ಅವಳು ಸಿಪ್ಪೆ ಊದಿ, ಕಾಳು ಬಾಯಿಗೆ ಹಾಕಿಕೊಂಡಳು. ಕೋಟೆ ಬಸ್ಸು ಬಂದು ನಿಂತಿತು. ಚೀಲ ಹೆಗಲಿಗೇರಿಸಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಮುಂದಿನ್ ತಿಂಗ್ಳೂ ಗೊತ್ತಿಲ್ಲ ಅಂತಿರು ಮತ್ತೆ. ನಮ್ ಕಡೆ ಹೆಂಚಿನೋನಿಗೆ ಹೇಳಿವ್ನಿ, ಅವ್ನು ಬಂದು ಕಪಾಟಿನ್ ಮೇಲಿರೋ ಸೂರು ಸರಿ ಮಾಡೋಕೆ ಒಸಿ ದಿನ ಹಿಡೀತದಂತೆ."